ಸಿರಿಲ್ ಬಡಿದ ಹಾಪರ್

ಪ್ಯಾಟ್ರಿಷಿಯಾಳಿಗೂ ನನಗೂ ನಡುವೆ ಇರುವುದು ಒಂದು ಜಿಪ್ಸಂ ಗೋಡೆ. ಕತಾರ್‌ನ ಅಲ್ ಗರಾಫಾದಲ್ಲಿ ಒಂದು ವಿಲ್ಲಾವನ್ನು ಅಡ್ಡಗೋಡೆ ಹಾಕಿ ಹಲವು ಮನೆ ಮಾಡಿದ್ದಾರೆ. ಒಂದರಲ್ಲಿ ನಾನು ಮತ್ತು ನನ್ನ ಗಂಡ ಅಬ್ಬಾಸ್, ಪಕ್ಕದ್ದರಲ್ಲಿ ಅವಳು ಮತ್ತು ಅವಳ ಗಂಡ ಸಿರಿಲ್. ನಾವು ಉಳ್ಳಾಲದ ಬ್ಯಾರಿಗಳು, ಅವರು ಶಿರ್ವದ ಕೊಂಕಣಿ ಕ್ರಿಶ್ಚಿಯನ್ನರು. ಗೋಡೆ ಎಷ್ಟು ತೆಳು ಎಂದರೆ ಅವರ ಕುಕ್ಕರ್ ಕೂಗಿದರೆ ನಾನು ನನ್ನ ಗ್ಯಾಸ್ ಆರಿಸಲು ಏಳುತ್ತೇನೆ. ಹೀಗಾಗಿ ಪ್ಯಾಟ್ರಿಷಿಯಾಳ ಸಂಸಾರವನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಅವಳು ಒಂದು ನರ್ಸರಿಯಲ್ಲಿ ಕೆಲಸ ಮಾಡುತ್ತಾಳೆ. ಟೀಚರೂ ಅಲ್ಲ, ಆಯಾನೂ ಅಲ್ಲ, ನಡುವಿನವಳು. ಮಕ್ಕಳ ಮೂಗು ಒರೆಸಿ, ಶೂ ಕಟ್ಟಿ, ಹಾಡು ಹೇಳಿಕೊಟ್ಟು ಬರುತ್ತಾಳೆ. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ನಾಚಿಕೆ ಎಂದುಕೊಂಡಿದ್ದೆ, ಒಂದು ದಿನ ಕೈ ಸರಿದಾಗ ಮುಂದಿನ ಹಲ್ಲು ಅರ್ಧ ಮುರಿದದ್ದು ಕಂಡಿತು. “ಬಾಗಿಲು ತಾಗಿದ್ದು ನಶೀದಕ್ಕ” ಎಂದಳು. ಕಣ್ಣಿನ ಕೆಳಗೆ ನೀಲಿಗಟ್ಟಿದಾಗಲೂ ಬಾಗಿಲು, ಮಣಿಕಟ್ಟು ಊದಿದಾಗಲೂ ಬಾಗಿಲು. ಆ ಮನೆಯ ಬಾಗಿಲುಗಳಷ್ಟು ಕೆಟ್ಟ ಬಾಗಿಲುಗಳು ಇಡೀ ಕತಾರ್‌ನಲ್ಲಿ ಬೇರೆ ಇರಲಿಕ್ಕಿಲ್ಲ.

ಸಿರಿಲ್ ಅವಳಿಗೆ ಹೊಡೆಯುತ್ತಿದ್ದ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ, ಲುಸೈಲ್‌ನ ಸೈಟಿನಲ್ಲಿ ಫೋರ್‌ಮನ್ ಬೈದರೆ ಹೊಡೆತ, ಕಾರಣ ಸಿಗದಿದ್ದರೆ ಸಿಗಲಿಲ್ಲವೆಂದು ಹೊಡೆತ. ಮೊದಲು ಪಾತ್ರೆ ಬೀಳುವ ಸದ್ದು, ಆಮೇಲೆ ಅವಳು ಬೀಳುವ ಸದ್ದು. ನಾನು ಶುಂಠಿ ಜಜ್ಜುವ ಗುಂಡು ಹಿಡಿದು ಗೋಡೆಗೆ ಬಡಿಯುತ್ತಿದ್ದೆ. ಆಚೆಯಿಂದ ಸಿರಿಲ್, “ನಿನ್ನ ಕೆಲಸ ನೋಡು ಬ್ಯಾರ್ದಿ!” ಎಂದು ಕೂಗುತ್ತಿದ್ದ. ಅಷ್ಟಾದರೂ ಅವನ ಸಿಟ್ಟು ಒಂದು ಗಳಿಗೆ ನನ್ನ ಕಡೆ ತಿರುಗಿತಲ್ಲ ಎಂದು ನಾನು ಇನ್ನೂ ಜೋರಾಗಿ ಬಡಿಯುತ್ತಿದ್ದೆ.

“ಪೊಲೀಸಿಗೆ ಫೋನ್ ಮಾಡು. ಇಲ್ಲದಿದ್ರೆ ನಾನು ಮಾಡ್ತೇನೆ” ಎಂದು ಒಮ್ಮೆ ಅವಳನ್ನು ಹಿಡಿದು ಹೇಳಿದೆ. ಅವಳು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಸಿಂಕಿನ ಕೆಳಗಿನ ಕಪಾಟು ತೆರೆದಳು. ಎರಡು ಬಿಳಿ ಪ್ಲಾಸ್ಟಿಕ್ ಡ್ರಮ್ಮುಗಳು. ಒಳಗೆ ಏನೋ ಗುಳುಗುಳು ಎನ್ನುತ್ತಿತ್ತು. ಹುಳಿ ವಾಸನೆಗೆ ನಾನು ಶಾಲು ಮೂಗಿಗೆ ಒತ್ತಿಕೊಂಡೆ.

“ಬಿಯರ್. ಅವರೇ ಮಾಡುವುದು” ಎಂದಳು. “ಪೊಲೀಸರು ಬಂದ್ರೆ ಮೊದಲು ಸಿಗುವುದು ಇದು. ಅವರೊಬ್ಬರೇ ಅಲ್ಲ, ನಾನೂ ಒಳಗೆ. ಮತ್ತೆ ಸೀದಾ ಊರಿಗೆ. ನನ್ನ ನರ್ಸರಿ ಖಲಾಸ್.”

ಸಿರಿಲ್‌ಗೂ ಇದು ಗೊತ್ತಿತ್ತು. “ಕರಿ, ಪೊಲೀಸರನ್ನು ಕರಿ. ಇಬ್ಬರೂ ಒಟ್ಟಿಗೆ ಹೋಗುವ” ಎಂದು ಅವನು ಹೊಡೆಯುತ್ತಲೇ ಹೇಳುವುದನ್ನು ನಾನು ಗೋಡೆಯ ಈಚೆಯಿಂದ ಕೇಳಿದ್ದೇನೆ. ಅವನ ಕುಡಿತಕ್ಕಿಂತ ಆ ಮಾತಿಗೇ ನನ್ನ ಮೈ ಉರಿಯುತ್ತಿತ್ತು.

ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಎಸಿಯ ಗಾಳಿ ಹೋಗುವ ತಗಡಿನ ಡಕ್ಟ್ ಮಾಡುವವನು. ಊರಿಗೆ ಹೊರಟ ಒಬ್ಬ ಬಿಳಿಯ ಎಂಜಿನಿಯರ್ ಅವನಿಗೆ ಬಿಯರಿಗೆ ಬೇಕಾದ ಬಾರ್ಲಿ ಒಡೆಯುವ ಸಣ್ಣ ಮಿಲ್ಲೊಂದನ್ನು ಕೊಟ್ಟು ಹೋಗಿದ್ದ. ಎರಡು ಉಕ್ಕಿನ ಉರುಳೆಗಳು, ಡ್ರಿಲ್ ಸಿಕ್ಕಿಸಿದರೆ ತಿರುಗುತ್ತವೆ. ಅದರ ಬಾಯಿ ಮಾತ್ರ ತೀರಾ ಸಣ್ಣದು. ಡ್ರಿಲ್ ಅವನ ಕೈಯಲ್ಲಿ, ಬಾರ್ಲಿ ಮುಷ್ಟಿ ಮುಷ್ಟಿಯಾಗಿ ಸುರಿಯುವುದು ಪ್ಯಾಟ್ರಿಷಿಯಾ. ಒಮ್ಮೆ ಅವಳ ಬೆರಳಿನ ಉಗುರೇ ಉರುಳೆಗೆ ಸಿಕ್ಕಿ ಕಿತ್ತು ಹೋಯಿತು. ಬಾರ್ಲಿಗೆ ರಕ್ತ ತಾಗಿತೆಂದು ಅವಳ ಕೆನ್ನೆಗೆ ಬಿತ್ತು. ಇನ್ನು ಹೆಂಗಸನ್ನು ನಂಬಿ ಆಗುವುದಿಲ್ಲ, ಒಂದು ಹಾಪರ್ ಮಾಡಿ ಕೂರಿಸುತ್ತೇನೆ ಎಂದು ಸಿರಿಲ್ ಹಟ ಹಿಡಿದ. ಕಾಳು ತುಂಬಿಟ್ಟರೆ ತಾನೇ ಇಳಿದುಕೊಳ್ಳುವ ದೊಡ್ಡ ತಗಡಿನ ಬಾಯಿ ಅದು.

ಹಿತ್ತಿಲ ಸಿಮೆಂಟು ಅಂಗಳ ನಮ್ಮಿಬ್ಬರಿಗೂ ಒಂದೇ, ಹಾಗಾಗಿ ನಾನು ಬಟ್ಟೆ ಒಣಗಿಸುತ್ತ ಎಲ್ಲವನ್ನೂ ನೋಡಿದೆ. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿದ, ಆಮೇಲೆ ಅದನ್ನು ತಗಡಿನ ಮೇಲಿಟ್ಟು ಗೀರಿದ. ಪ್ಯಾಟ್ರಿಷಿಯಾ ತಗಡು ಹಿಡಿಯಬೇಕು, ಅವನು ಮರದ ಕೊಡತಿಯಲ್ಲಿ ಬಡಿಯಬೇಕು. ತಗಡು ಅಲುಗಿದರೆ ಕೊಡತಿಯ ಹಿಡಿಯಿಂದ ಅವಳ ಕೈಗಂಟಿಗೆ ಒಂದು. “ಕೊಡತಿ ಜಾಸ್ತಿ ಎತ್ತಬಾರದು. ಸ್ವಲ್ಪ ಎತ್ತು, ನೇರ ಬಿಡು. ಅದರ ತೂಕವೇ ಕೆಲಸ ಮಾಡುತ್ತದೆ” ಎಂದು ಹೊಡೆತದ ನಡುವೆ ಪಾಠವನ್ನೂ ಹೇಳುತ್ತಿದ್ದ. ಮೊದಲನೆಯ ಹಾಪರಿನ ಇಳಿಜಾರು ಸಾಲದೆ ಬಾರ್ಲಿ ಇಳಿಯದೆ ನಿಂತಿತು. ಲೆಕ್ಕ ತಪ್ಪಿದ್ದು ಅವನು, ಒದೆ ತಿಂದದ್ದು ಅವಳು. ಎರಡನೆಯದನ್ನು ಕಡಿದಾಗಿ ಮಾಡಿದ, ಬಾರ್ಲಿ ಸರಸರನೆ ಇಳಿಯಿತು.

ಕೊನೆಗೆ ಬಾಯಿಯ ಅಂಚನ್ನು ಸುತ್ತಲೂ ಒಳಕ್ಕೆ ಮಡಚಿ ನಯವಾಗಿ ಬಡಿದ. ನನ್ನನ್ನು ಕರೆದು, “ಬೆರಳು ಆಡಿಸಿ ನೋಡಿ. ಒಂದು ಗೀರು ಬಿದ್ರೆ ಕೇಳಿ. ಅಂಚು ಮಡಚದೆ ಬಿಡುವವನು ಮನುಷ್ಯನೇ ಅಲ್ಲ” ಎಂದ. ನಾನು ಬೆರಳು ಆಡಿಸಿದೆ. ನಿಜಕ್ಕೂ ಮಗುವಿನ ಕೆನ್ನೆಯ ಹಾಗೆ ನಯವಾಗಿತ್ತು. ಯಾರಿಗೂ ಗಾಯವಾಗಬಾರದೆಂದು ತಗಡಿಗೆ ಇಷ್ಟು ಉಪಚಾರ ಮಾಡುವವನ ಪಕ್ಕದಲ್ಲಿ ಪ್ಯಾಟ್ರಿಷಿಯಾ ಊದಿದ ಕೈಗಂಟು ಬಾಯಿಗಿಟ್ಟುಕೊಂಡು ನಿಂತಿದ್ದಳು. ಉಗಿಯಬೇಕೆನಿಸಿತು. ಅವಳಿಗೆ ಇನ್ನೊಂದು ಬೀಳುತ್ತದೆಂದು ಸುಮ್ಮನೆ ಬಂದೆ.

ಕ್ರಿಸ್‌ಮಸ್ ಹತ್ತಿರ ಬರುತ್ತಿತ್ತು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸರಿಗೆ ಬಫಾತ್ ಪುಡಿಯೆಂದರೆ ಜೀವ. ಮೆಣಸು, ಕೊತ್ತಂಬರಿ, ಜೀರಿಗೆ, ಕರಿಮೆಣಸು ಹುರಿದು ಪುಡಿ ಮಾಡುವುದು. ಪ್ರತಿ ಮನೆಗೂ ಅದರದೇ ಅಳತೆ, ಪ್ರತಿ ಹೆಂಗಸಿಗೂ ತನ್ನದೇ ಸರಿ ಎಂಬ ಜಂಬ. ಪ್ಯಾಕೆಟ್ ತಂದವಳು ಅವರ ಕಣ್ಣಿಗೆ ಅಡುಗೆಯವಳೇ ಅಲ್ಲ. ಪ್ಯಾಟ್ರಿಷಿಯಾ ಹುರಿದಿಟ್ಟಳು, ಆದರೆ ಮಿಕ್ಸಿ ಇರಲಿಲ್ಲ, ಅದನ್ನು ಸಿರಿಲ್ ಗೋಡೆಗೆ ಎಸೆದು ಒಡೆದಿದ್ದ. ನನ್ನದನ್ನು ಕೇಳಬಹುದಿತ್ತು. ಮೆಣಸಿನ ಖಾರ ನನ್ನ ಮಿಕ್ಸಿಯ ಜಾರಿಗೆ ಹಿಡಿಯುತ್ತದೆಂದು ಸಂಕೋಚಪಟ್ಟು, ಆ ಹುಚ್ಚಿ ಗಂಡ ಸೈಟಿಗೆ ಹೋಗಿದ್ದಾಗ ಎಲ್ಲವನ್ನೂ ಸಿರಿಲ್‌ನ ಹಾಪರಿಗೆ ಸುರಿದಳು. ಮತ್ತೆ ಮತ್ತೆ ಇಳಿಸಿ ಪುಡಿ ಮಾಡಿದಳು. ವಿಲ್ಲಾಕ್ಕೆ ವಿಲ್ಲಾವೇ ಕೆಮ್ಮಿತು. ಆಮೇಲೆ ಮಿಲ್ಲನ್ನೂ ಹಾಪರನ್ನೂ ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಟ್ಟಳು.

ಆದರೆ ಮಡಚಿದ ಅಂಚಿನ ಒಳಗೆ ಬಟ್ಟೆ ಹೋಗುವುದಿಲ್ಲ. ಸಿರಿಲ್‌ನ ಹೆಮ್ಮೆಯ ಆ ಮಡಿಕೆಯ ಸುತ್ತ ಮೆಣಸಿನ ಪುಡಿ ಕೂತೇ ಇತ್ತು. ಮುಂದಿನ ಸಲ ಅವನು ಬಾರ್ಲಿ ತುಂಬಿ ಡ್ರಿಲ್ ಓಡಿಸಿದಾಗ ಆ ನಡುಕಕ್ಕೆ ಎಲ್ಲವೂ ಉದುರಿ ಕಾಳಿನ ಜೊತೆ ಇಳಿಯಿತು. ಅದೇ ಬಾರ್ಲಿ ಡ್ರಮ್ಮಿಗೆ ಹೋಗಿ ಹುಳಿ ಬಂತು.

ಹಬ್ಬಕ್ಕೆ ಮುಂಚಿನ ಶುಕ್ರವಾರ, ಇಲ್ಲಿ ಎಲ್ಲರಿಗೂ ವಾರದ ರಜೆ ಅದೇ, ಇಗರ್ಜಿಯಿಂದ ಬಂದು ಸಿರಿಲ್ ಅದನ್ನು ತೆರೆದ. ಅವನ ಫೋರ್‌ಮನ್ ಜೋವಿನ್, ಇನ್ನಿಬ್ಬರು ಊರಿನವರು ಕೂತಿದ್ದರು. ಗ್ಲಾಸು ತಾಗಿದ ಸದ್ದು ಕೇಳಿತು. ಆಮೇಲೆ ಕೆಮ್ಮು. ಆಮೇಲೆ ಜೋವಿನ್ ನಗುತ್ತ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

“ಎಂತ ಮಾರಾಯಾ ಸಿರಿಲ್, ಕೋಳಿ ಹಾಕ್ಲಿಕ್ಕೆ ಮರ್ತದ್ದಾ?”

ಅವರು ಹೊಟ್ಟೆ ಹಿಡಿದು ನಕ್ಕರು. ನನಗೂ ನಗು ಬಂತು. ಆ ನಗು ಪ್ಯಾಟ್ರಿಷಿಯಾಳ ಮೇಲೆ ಬೀಳುತ್ತದೆಂದು ಹೊಳೆದದ್ದೇ ತಡ, ಕೈಯಲ್ಲಿದ್ದ ಅಕ್ಕಿ ಬಿಟ್ಟು ಗೋಡೆಯ ಹತ್ತಿರ ನಿಂತೆ. ಅಬ್ಬಾಸ್ ಜುಮಾ ನಮಾಜು ಮುಗಿಸಿ ಇನ್ನೂ ಬಂದಿರಲಿಲ್ಲ. ಅತಿಥಿಗಳು ಹೊರಟರು, ಕಾರು ತಿರುಗಿತು. ಕುರ್ಚಿಯೊಂದು ಉರುಳಿತು. ಅವಳು ಕಿರುಚಿದಳು. ಅವಳು ಕಿರುಚುವವಳೇ ಅಲ್ಲ.

ಗೋಡೆ ಬಡಿಯುತ್ತ ಕೂರಲಿಲ್ಲ. ಹಿತ್ತಿಲಿನಿಂದ ಓಡಿ ಅವರ ಅಡುಗೆಮನೆಯ ಬಾಗಿಲು ದೂಡಿದೆ. ಸಿರಿಲ್ ಎಡಗೈಯಲ್ಲಿ ಅವಳ ಕೂದಲು ಹಿಡಿದು ಮುಖವನ್ನು ಹಾಪರಿನ ಒಳಗೆ ಒತ್ತಿದ್ದ. “ಮೂಸು! ಎಂತ ವಾಸನೆ ಹೇಳು! ಮೂಸು!” ಪ್ರತಿ ಮಾತಿಗೂ ಅವಳ ತಲೆ ಎತ್ತಿ ತಗಡಿಗೆ ಜಜ್ಜುತ್ತಿದ್ದ. ತುಟಿ ಹರಿದು ರಕ್ತ ಹಾಪರಿನ ಇಳಿಜಾರಿನಲ್ಲಿ ಬಾರ್ಲಿಯಷ್ಟೇ ಸಲೀಸಾಗಿ ಇಳಿಯುತ್ತಿತ್ತು. ನಾನು ಹಿಂದಿನಿಂದ ಅವನ ಅಂಗಿ ಹಿಡಿದು ಎಳೆದೆ. ಅವನು ಮೊಣಕೈಯಿಂದ ನನ್ನ ಎದೆಗೆ ಗುದ್ದಿದ, ನಾನು ಫ್ರಿಜ್ಜಿಗೆ ಬಡಿದು ಕೂತೆ. ಅವನು ಆಯ ತಪ್ಪಿ ಬಲಗೈಯನ್ನು ಮೇಜಿನ ಮೇಲೆ ಊರಿದ.

ಕೊಡತಿ ಹಾಪರಿನ ಪಕ್ಕದಲ್ಲೇ ಇತ್ತು. ಪ್ಯಾಟ್ರಿಷಿಯಾ ಅದನ್ನು ನೋಡಲೂ ಇಲ್ಲ, ಕೈ ಹಾಕಿ ತೆಗೆದಳು. ಜಾಸ್ತಿ ಎತ್ತಲಿಲ್ಲ. ಸ್ವಲ್ಪ ಎತ್ತಿದಳು, ನೇರ ಬಿಟ್ಟಳು. ಬೆರಳುಗಳು ಮುರಿದ ಸದ್ದು ನನಗೆ ಕೇಳಿಸಿತು. ಅವನು ಅವಳ ಕೂದಲು ಬಿಟ್ಟ. ಅವಳು ಅವನ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು, ತಗಡು ಅಲುಗದಂತೆ ಹಿಡಿಯುವ ಹಾಗೆಯೇ ಹಿಡಿದು, ಇನ್ನೊಮ್ಮೆ ಬಿಟ್ಟಳು. ಮತ್ತೊಮ್ಮೆ. ಸಿರಿಲ್ ನೆಲಕ್ಕೆ ಕುಸಿದು ದನದ ಹಾಗೆ ಕೂಗಿದ. ನನಗೆ ಸಂತೋಷವಾಯಿತು. ಅಲ್ಲಾಹನ ಮುಂದೆಯೂ ಇದನ್ನೇ ಹೇಳುತ್ತೇನೆ.

ಅಬ್ಬಾಸ್ ಬಂದು ಮೂವರನ್ನೂ ನೋಡಿ ಬಿಳಿಚಿಕೊಂಡರು. “ಯಲ್ಲಾ, ಗಾಡಿಗೆ ಹತ್ತಿ” ಎಂದಷ್ಟೇ ಹೇಳಿದರು.

ಆಸ್ಪತ್ರೆಯಲ್ಲಿ ಮಲಯಾಳಿ ನರ್ಸೊಬ್ಬಳು ಸಿರಿಲ್‌ನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿ ಹುಬ್ಬು ಗಂಟಿಕ್ಕಿದಳು. ಬೆರಳುಗಳು ಯಾವ ಕಡೆಗೆ ತಿರುಗಿವೆ ಎಂದೇ ತಿಳಿಯುತ್ತಿರಲಿಲ್ಲ. ಅವಳ ಹಿಂದೆ ಒಬ್ಬ ಪೊಲೀಸು ಬಂದು ನಿಂತ. ಇಂಥ ಗಾಯಕ್ಕೆ ಅವರು ಬಂದೇ ಬರುತ್ತಾರೆ. “ಏನಾಯಿತು?” ಎಂದು ನರ್ಸು ಹಿಂದಿಯಲ್ಲಿ ಕೇಳಿದಳು.

ಸಿರಿಲ್ ಬಾಯಿ ತೆರೆದ. ಹೆಂಡತಿ ಹೊಡೆದಳೆಂದರೆ ಪೊಲೀಸರು ಮನೆಗೆ ಬರುತ್ತಾರೆ. ಮನೆಯಲ್ಲಿ ಸಿಂಕಿನ ಕೆಳಗೆ ಡ್ರಮ್ಮುಗಳಿವೆ, ಮೇಜಿನ ಮೇಲೆ ಮಿಲ್ಲಿದೆ, ಗ್ಲಾಸುಗಳೂ ತೊಳೆದಿಲ್ಲ. ಅವನು ಪ್ಯಾಟ್ರಿಷಿಯಾಳನ್ನು ನೋಡಿದ. ಅವಳು ತುಟಿಗೆ ಹತ್ತಿ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದಳು.

“ಬಾಗಿಲಿಗೆ ಸಿಕ್ಕಿದ್ದು” ಎಂದ ಸಿರಿಲ್.

ನರ್ಸು ಅವಳ ಕಡೆ ತಿರುಗಿದಳು. “ಚೇಚಿ, ನಿಮ್ಮ ತುಟಿ?”

“ಅದೇ ಬಾಗಿಲು” ಎಂದಳು ಪ್ಯಾಟ್ರಿಷಿಯಾ.

ಅವನನ್ನು ಆಪರೇಷನ್‌ಗೆ ಉಳಿಸಿಕೊಂಡರು. ನಾವಿಬ್ಬರು ಮನೆಗೆ ಬಂದು ಸಿಂಕಿನ ಕೆಳಗಿನದನ್ನೆಲ್ಲ ಚರಂಡಿಗೆ ಸುರಿದೆವು. ನಾನು ಒಳ್ಳೆ ಕೆಲಸವೆಂದು ಬಿಸ್ಮಿ ಹೇಳಬೇಕೋ ಪಾಪವೆಂದು ತೌಬಾ ಹೇಳಬೇಕೋ ತಿಳಿಯದೆ ಮೂಗು ಮುಚ್ಚಿಕೊಂಡು ಸುರಿದೆ. ಡ್ರಮ್ಮು, ಮಿಲ್ಲು, ಉಳಿದ ಬಾರ್ಲಿ ಎಲ್ಲವೂ ಕಸದ ಡಬ್ಬಿಗೆ ಹೋಯಿತು. ಹಾಪರನ್ನೂ ಎತ್ತಿಕೊಂಡಾಗ ಅವಳು ತಡೆದಳು. “ಅದು ಇರಲಿ” ಎಂದಳು. ಹಳೆಯ ಹಲ್ಲುಜ್ಜುವ ಬ್ರಶ್ ಹಿಡಿದು ಕೂತು ಮಡಿಕೆಯ ಒಳಗಿನ ಮೆಣಸನ್ನೂ ರಕ್ತವನ್ನೂ ಉಜ್ಜಿ ಉಜ್ಜಿ ತೆಗೆದಳು.

ಸಿರಿಲ್ ಬಂದ ದಿನ ನಾನು ಅಲ್ಲಿಯೇ ಇದ್ದೆ, ಇರಬೇಕೆಂದು ಅವಳೇ ಕರೆದಿದ್ದಳು. ಅವನ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ನೀರು ಕುಡಿಯುವ ನೆಪದಲ್ಲಿ ಸೀದಾ ಅಡುಗೆಮನೆಗೆ ಹೋಗಿ ಕಪಾಟು ತೆರೆದ. ಅಲ್ಲಿ ಒಂದು ಸೋಪಿನ ಪುಡಿಯ ಪ್ಯಾಕೆಟ್ ಬಿಟ್ಟರೆ ಏನೂ ಇರಲಿಲ್ಲ. ಮೇಜಿನ ಮೇಲೆ ಹಾಪರ್ ಮಾತ್ರ ತಲೆಕೆಳಗಾಗಿ ಒಣಗುತ್ತಿತ್ತು, ಅದರ ಪಕ್ಕದಲ್ಲಿ ಕೊಡತಿ.

ಅವರು ತಮ್ಮತಮ್ಮಲ್ಲಿ ಕೊಂಕಣಿ ಮಾತಾಡುವವರು. ಅವತ್ತು ಪ್ಯಾಟ್ರಿಷಿಯಾ, ನನಗೂ ತಿಳಿಯಲಿ ಎಂದೇ, ಕನ್ನಡದಲ್ಲಿ ಹೇಳಿದಳು. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ, ಮುರಿದ ಹಲ್ಲು ಕಾಣುತ್ತಿತ್ತು.

“ಎಲ್ಲ ಚೆಲ್ಲಿ ಆಯ್ತು. ಇನ್ನು ಈ ಮನೆಯಲ್ಲಿ ಪೊಲೀಸರು ಹಿಡಿಯುವಂಥದ್ದು ಅಂತ ಇರುವುದು ನೀವೊಬ್ಬರೇ.”

ಸಿರಿಲ್ ತೆರೆದ ಕಪಾಟಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಒಳಗೊಮ್ಮೆ, ಮೇಜಿನ ಮೇಲಿನ ಕೊಡತಿಯನ್ನೊಮ್ಮೆ ನೋಡಿದ. ಆಮೇಲೆ ಎಡಗೈಯಿಂದ ಅದರ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದ.