ಶರಣಪ್ಪನ ಸಕ್ಕರೆ

ಸಕ್ಕರೆ ಹಾಕಿ ಎಂದು ಹೇಳಿದವಳು ನಾನು. ಲ್ಯಾಕ್ಟೋಸ್ ಎನ್ನಲಿಲ್ಲ, ಹಾಲ್ಸಕ್ಕರೆ ಎನ್ನಲೂ ಇಲ್ಲ — ಸಕ್ಕರೆ ಎಂದೆ, ಬರೀ ಸಕ್ಕರೆ. ಮರುದಿನ ನಾಲ್ಕು ಜನರ ಎದುರು ಕೂತು, ಹಾಗೆ ಹೇಳಿಯೇ ಇಲ್ಲ ಎಂದೆ. ಇದಾಗಿ ಹನ್ನೊಂದು ವರ್ಷ. ಇಷ್ಟನ್ನು ಬರೆಯಲು ಹನ್ನೊಂದು ವರ್ಷ ಬೇಕಾಯಿತೆಂದರೆ ನನ್ನನ್ನು ಅಂಜುಬುರುಕಿ ಎಂದುಕೊಂಡೀರಿ. ಅಲ್ಲ. ನಮ್ಮ ಸೆಕ್ಷನ್ನಿನಲ್ಲಿ ಯಾರನ್ನು ಬೇಕಾದರೂ ಕೇಳಿ, ನನ್ನ ಬಾಯಿಗೆ ಹೆದರುವವರೇ ಎಲ್ಲ. ಅದಕ್ಕೇ ಈ ತಪ್ಪು ಇನ್ನಷ್ಟು ದೊಡ್ಡದು — ಹೆದರಿ ಹಾಗೆ ಮಾಡಿದೆ ಎಂದು ನುಣುಚಿಕೊಳ್ಳುವ ದಾರಿಯೂ ನನಗಿಲ್ಲ.

ನಾನಿರುವುದು ಬೊಮ್ಮಸಂದ್ರದ ಒಂದು ಔಷಧ ಕಾರ್ಖಾನೆಯಲ್ಲಿ. ನಾವು ಮಾತ್ರೆ ಮಾಡುವವರಲ್ಲ. ಬ್ಯಾಕ್ಟೀರಿಯಾದೊಳಗೆ ನಮಗೆ ಬೇಕಾದ ಜೀನ್ ಒಂದನ್ನು ಸೇರಿಸಿ, ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ಅದನ್ನು ಕೋಟ್ಯಂತರವಾಗಿ ಬೆಳೆಸಿ, ಅದರ ಕೈಯಲ್ಲಿ ಪ್ರೋಟೀನ್ ಮಾಡಿಸಿಕೊಳ್ಳುವವರು. ಆ ಪ್ರೋಟೀನು ಮುಂದೆ ಬೇರೆ ಕಡೆ ಹೋಗಿ ಔಷಧವಾಗುತ್ತದೆ.

ಜೀನ್ ಇದ್ದರೆ ಮುಗಿಯಿತು, ಅದು ತನ್ನ ಕೆಲಸ ಮಾಡಿಯೇ ಮಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮದುವೆ ಮನೆಯಲ್ಲಿ ನನ್ನನ್ನು ಹಿಡಿದು ಕೂರಿಸಿ, 'ಶುಗರ್ ನಮ್ಮ ಜೀನಲ್ಲೇ ಇದೆ ಬಿಡಿ' ಎಂದು ಎರಡನೇ ಜಿಲೇಬಿಗೆ ಕೈಹಾಕುವವರನ್ನು ನಾನು ಸುಮ್ಮನೆ ಬಿಡುವುದಿಲ್ಲ. ನಿಮ್ಮ ಕಣ್ಣಿನ ಜೀವಕೋಶದಲ್ಲಿರುವ ಜೀನುಗಳೇ ನಿಮ್ಮ ಯಕೃತ್ತಿನ ಜೀವಕೋಶದಲ್ಲೂ ಇವೆ, ಹಾಗಿದ್ದರೆ ಕಣ್ಣಿನಿಂದ ಯಾಕೆ ಪಿತ್ತರಸ ಸುರಿಯುವುದಿಲ್ಲ ಹೇಳಿ, ಎನ್ನುತ್ತೇನೆ. ಯಾವ ಜೀನನ್ನು ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು, ಯಾವಾಗ, ಎಷ್ಟು — ಎಲ್ಲವನ್ನೂ ಜೀವಕೋಶ ಗಳಿಗೆಗಳಿಗೆಗೂ ನಿರ್ಧರಿಸುತ್ತಿರುತ್ತದೆ. ಒಳಗೆ ಇರುವುದೇ ಬೇರೆ, ಹೊರಗೆ ಬರುವುದೇ ಬೇರೆ. ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ, ಇದರಲ್ಲಿ ನನಗೆ ಜಂಬವೂ ಇದೆ.

ನಮ್ಮ ಟ್ಯಾಂಕಿನ ಬ್ಯಾಕ್ಟೀರಿಯಾದಲ್ಲಿ ನಾವು ಸೇರಿಸಿದ ಜೀನಿನ ಬಾಗಿಲಿಗೆ ಒಂದು ಕಾವಲು ಪ್ರೋಟೀನು ಅಡ್ಡ ಕೂತಿರುತ್ತದೆ. ಲ್ಯಾಕ್ಟೋಸ್, ಅಂದರೆ ಹಾಲಿನಲ್ಲಿರುವ ಸಕ್ಕರೆ, ಒಳಗೆ ಬಂದರೆ ಆ ಕಾವಲು ಎದ್ದು ಹೋಗುತ್ತದೆ. ಆಗ ಜೀನನ್ನು ಓದಿ ನಕಲು ತೆಗೆಯುವ ಕೆಲಸ ಶುರು, ನಕಲು ನೋಡಿ ಪ್ರೋಟೀನು ಕಟ್ಟುವ ಕೆಲಸವೂ ಶುರು. ಆದರೆ ಟ್ಯಾಂಕಿನಲ್ಲಿ ಗ್ಲೂಕೋಸ್ ಇದ್ದರೆ ಈ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಕಡೆ ತಿರುಗಿಯೂ ನೋಡದು. ಎಲೆಯ ಮೇಲೆ ಬಿಸಿ ಹೋಳಿಗೆ ಇರುವಾಗ ಹುರಿಹಿಟ್ಟಿಗೆ ಯಾರು ಕೈಹಾಕುತ್ತಾರೆ? ಆದ್ದರಿಂದ ನಮ್ಮ ಕ್ರಮ ಇಷ್ಟೇ: ಮೊದಲು ಗ್ಲೂಕೋಸ್ ಕೊಟ್ಟು ಬೆಳೆಸು, ಅದು ಮುಗಿದ ಮೇಲೆ ಲ್ಯಾಕ್ಟೋಸ್ ಕೊಟ್ಟು ಜೀನ್ ತೆರೆಸು. ಅದಲು ಬದಲಾದರೆ ಬ್ಯಾಕ್ಟೀರಿಯಾ ಗಟ್ಟಿಯಾಗಿ ಬೆಳೆಯುತ್ತದೆ, ಪ್ರೋಟೀನು ಮಾತ್ರ ಬರುವುದಿಲ್ಲ.

ಈಗ ಆ ಮಾತಿನ ವಿಷಯ. ಮೇಲಿನ ಮಹಡಿಯ ಲ್ಯಾಬಿನಲ್ಲಿ 'ಸಕ್ಕರೆ ಹಾಕಿದ್ಯಾ?' ಎಂದರೆ ಲ್ಯಾಕ್ಟೋಸ್ ಹಾಕಿದೆಯಾ, ಜೀನ್ ತೆರೆಸಿದೆಯಾ ಎಂದು ಅರ್ಥ. ಕೆಳಗೆ ಟ್ಯಾಂಕುಗಳ ಹತ್ತಿರ ಸಕ್ಕರೆ ಎಂದರೆ ಗ್ಲೂಕೋಸ್, ಲ್ಯಾಕ್ಟೋಸಿಗೆ ಹಾಲ್ಸಕ್ಕರೆ ಎಂದೇ ಹೆಸರು. ಒಂದೇ ಕಾರ್ಖಾನೆ, ನಡುವೆ ಒಂದು ಮೆಟ್ಟಿಲಸಾಲು, ಮಾತು ಮಾತ್ರ ಎರಡು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೊಸದಾಗಿ ಸೇರಿದವರಿಗೆ ಅದನ್ನು ಹೇಳಿಕೊಡುತ್ತಿದ್ದವಳೇ ನಾನು.

ಕೆಳಗೆ ಟ್ಯಾಂಕು ನೋಡಿಕೊಳ್ಳುತ್ತಿದ್ದವರು ಶರಣಪ್ಪ. ಕೊಪ್ಪಳದ ಕಡೆಯವರು, ಆಗ ಮೂವತ್ತೈದರ ಆಸುಪಾಸು, ಗುತ್ತಿಗೆಯ ಮೇಲೆ ಬಂದ ಆಪರೇಟರ್. ಹೆಂಡತಿಯ ಜೊತೆ ನಮ್ಮ ಮನೆಯ ಹಿಂದಿನ ಬಾಡಿಗೆ ಕೋಣೆಯಲ್ಲೇ ಇದ್ದರು. ನಾವು ಇದೇ ಊರಿನವರು. ಹೊಲವಿದ್ದ ಕಡೆ ಅಪ್ಪ ಕೋಣೆಗಳ ಸಾಲು ಕಟ್ಟಿಸಿದ್ದರು. ಅಮ್ಮನಿಗೆ ಆ ಸಾಲಿನಲ್ಲೆಲ್ಲ ಶರಣಪ್ಪನ ಮೇಲೆಯೇ ನಂಬಿಕೆ, ಸಂತೆಯ ಚೀಲ ಕೊಡುತ್ತಿದ್ದದ್ದೂ ಅವರ ಕೈಗೇ.

ಆ ದಿನ ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತು. ಬ್ಯಾಕ್ಟೀರಿಯಾ ಅಂದುಕೊಂಡಷ್ಟು ಬೇಗ ಬೆಳೆದಿರಲಿಲ್ಲ. ಅಂಥ ಹೊತ್ತಿನಲ್ಲಿ ಇನ್ನೊಂದಿಷ್ಟು ಗ್ಲೂಕೋಸ್ ಕೊಟ್ಟು ಕಾಯಬಹುದು, ಇಲ್ಲವೇ ಇದ್ದಷ್ಟಕ್ಕೆ ಲ್ಯಾಕ್ಟೋಸ್ ಕೊಟ್ಟು ಮುಂದೆ ಹೋಗಬಹುದು — ಯಾವುದು ಎಂದು ಹೇಳಬೇಕಾದವಳು ನಾನು. ನಾನು ಮೇಲೆ ವಿದೇಶದವರ ಜೊತೆ ಕಾಲ್‌ನಲ್ಲಿದ್ದೆ. ಇಂಟರ್‌ಕಾಮ್ ಹೊಡೆದುಕೊಂಡಿತು. ಒಂದು ಕಿವಿಗೆ ಆ ಫೋನು, ಇನ್ನೊಂದು ಕಿವಿಗೆ ಇದು. ಶರಣಪ್ಪ ಅಳತೆ ಓದಿ ಹೇಳಿದರು. ಮುಂದೆ ಹೋಗೋಣ, ಲ್ಯಾಕ್ಟೋಸ್ ಕೊಡೋಣ ಎಂದು ಮನಸ್ಸಿನಲ್ಲಿ ತೀರ್ಮಾನಿಸಿದೆ.

"ಸಕ್ಕರೆ ಹಾಕ್ಬಿಡಿ," ಎಂದೆ.

"ಸಕ್ರೀನೇ ಹಾಕ್ಲೇನ್ರಿ ಮೇಡಂ? ಹಾಲ್ಸಕ್ರಿ ಅಲ್ಲಲ್ರೀ?"

ನೋಡಿ, ಕೇಳಿದರು. ಇಷ್ಟು ಸ್ಪಷ್ಟವಾಗಿ ಕೇಳಿದರು. ನಾನು ಆ ಪ್ರಶ್ನೆಯ ಅರ್ಧವನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ — ಆ ಕಡೆಯ ಫೋನಿನಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು.

"ಸಕ್ಕರೆ ರೀ, ಸಕ್ಕರೆ! ಎಷ್ಟು ಸಲ ಹೇಳ್ಬೇಕು ನಿಮ್ಗೆ?"

ಸಂಜೆ ಮಾದರಿ ತೆಗೆದು, ಪ್ರೋಟೀನುಗಳನ್ನು ಗೆರೆಗೆರೆಯಾಗಿ ಬಿಡಿಸಿ ತೋರಿಸುವ ಪರೀಕ್ಷೆ ಮಾಡಿದಾಗ ನಮ್ಮ ಪ್ರೋಟೀನಿನ ಗೆರೆ ಇರಬೇಕಾದ ಜಾಗ ಖಾಲಿ. ಬ್ಯಾಕ್ಟೀರಿಯಾ ಮಾತ್ರ ಗ್ಲೂಕೋಸ್ ತಿಂದು ಗಂಜಿಯಂತೆ ಗಟ್ಟಿಯಾಗಿ, ಟ್ಯಾಂಕನ್ನೆಲ್ಲ ಹುಳಿ ಮಾಡಿಟ್ಟಿತ್ತು. ಬ್ಯಾಚಿನ ಹಾಳೆ ತೆಗೆದು ನೋಡಿದೆ. ಶರಣಪ್ಪನ ಗುಂಡು ಗುಂಡು ಅಕ್ಷರ: 'ಗ್ಲೂಕೋಸ್. ಮೇಡಂ ಫೋನಿನಲ್ಲಿ ಹೇಳಿದಂತೆ.' ಓದಿದ ಕೂಡಲೇ ನನ್ನ ಮಾತು ನನಗೇ ಕೇಳಿಸಿತು, ಆ ಗದರಿಕೆಯ ಸಮೇತ. ಅಂದರೆ — ನನಗೆ ಆವತ್ತೇ ಗೊತ್ತಾಯಿತು. ಮರೆವಿನ ಮಾತೇ ಇಲ್ಲ.

ಮರುದಿನ ವಿಚಾರಣೆ. ಪ್ರೊಡಕ್ಷನ್ ಮುಖ್ಯಸ್ಥರು, ಕ್ವಾಲಿಟಿಯವರು ಇಬ್ಬರು, ಗುತ್ತಿಗೆದಾರನ ಕಡೆಯವನೊಬ್ಬ. ಆ ತಿಂಗಳು ಸೆಕ್ಷನ್ ಹೆಡ್ ಜಾಗಕ್ಕೆ ನನ್ನ ಹೆಸರು ಹೋಗಿತ್ತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಎಂದು ಈ ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ. ಇಂಟರ್‌ಕಾಮಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಯಾರು? ನಾನು ಧ್ವನಿ ಏರಿಸಲಿಲ್ಲ, ತಡವರಿಸಲೂ ಇಲ್ಲ.

"ನಾನು ಲ್ಯಾಕ್ಟೋಸ್ ಅಂತಲೇ ಹೇಳಿದ್ದು," ಎಂದೆ.

ಶರಣಪ್ಪ ಜಗಳವಾಡುತ್ತಾರೆ, ಕಿರುಚುತ್ತಾರೆ ಎಂದುಕೊಂಡು ಉತ್ತರ ಕಟ್ಟಿಕೊಂಡೇ ಹೋಗಿದ್ದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಸಿಟ್ಟಿನಿಂದಲ್ಲ — ಲೆಕ್ಕ ತಪ್ಪಿದವರು ಮತ್ತೆ ಮೊದಲಿಂದ ಕೂಡುವಾಗ ನೋಡುತ್ತಾರಲ್ಲ, ಹಾಗೆ.

"ಮೇಡಂ ಸುಳ್ಳು ಹೇಳೂದಿಲ್ರಿ," ಎಂದರು ಮುಖ್ಯಸ್ಥರ ಕಡೆ ತಿರುಗಿ. "ಅವ್ರು ಹಂಗ ಅಂದಿದ್ರ ಹಂಗ ಇರ್ಬೇಕ್ರಿ. ನನ್ನ ಕಿವೀದ ತಪ್ಪು."

'ಆಪರೇಟರ್ ತಪ್ಪಾಗಿ ಕೇಳಿಸಿಕೊಂಡಿದ್ದಾರೆ' ಎಂದು ವರದಿಯಲ್ಲಿ ಬರೆದವಳೂ ನಾನೇ, ಕೆಳಗೆ ಸಹಿ ಹಾಕಿದವಳೂ ನಾನೇ. ನಾಳೆಯಿಂದ ಬರಬೇಡ ಎಂದು ಗುತ್ತಿಗೆದಾರ ಅವರಿಗೆ ಆ ದಿನವೇ ಹೇಳಿದ. ತಿಂಗಳು ತುಂಬುವ ಮೊದಲೇ ಕೋಣೆ ಖಾಲಿ ಮಾಡಿಕೊಂಡು ಹೋದರು. ಬಾಗಿಲಿಗೆ ಬೀಗ ಹಾಕುತ್ತಾ ಅಮ್ಮ ನನಗೆ ಕೇಳಿಸುವಂತೆಯೇ ಅಂದಳು: "ಅವ್ನು ಅಂಗೆಲ್ಲಾ ತಪ್ಪು ಕೇಳಿಸ್ಕೊಳ್ಳೋನಲ್ಲ ಕಣೆ. ಕೊತ್ತಂಬ್ರಿ ತಾರಪ್ಪಾ ಅಂದ್ರೆ ಸೊಪ್ಪಾ ಬೀಜಾನಾ ಅಂತ ಕೇಳ್ಕೊಂಡು ಓಗೋನು." ನಾನು ಮೊಬೈಲು ನೋಡುತ್ತಾ ಒಳಗೆ ಹೋದೆ.

ಸೆಕ್ಷನ್ ಹೆಡ್ ಜಾಗ ನನಗೇ ಸಿಕ್ಕಿತು. ಇಲ್ಲಿಗೆ ನಿಂತಿದ್ದರೆ — ಇಲ್ಲಿಗೂ ನಿಲ್ಲಲಿಲ್ಲ. ಹೊಸಬರ ತರಬೇತಿಯಲ್ಲಿ ಗ್ಲೂಕೋಸ್, ಲ್ಯಾಕ್ಟೋಸ್ ಪಾಠ ಮಾಡುವಾಗ ಒಮ್ಮೆ ಈ ಕಥೆ ಹೇಳಿದೆ. ನನಗೆ ಕಥೆ ಹೇಳಲು ಬರುತ್ತದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುಂದಿನ ವರ್ಷ ಅದಕ್ಕೊಂದು ಸ್ಲೈಡ್ ಮಾಡಿ 'ಶರಣಪ್ಪನ ಸಕ್ಕರೆ' ಎಂದು ಹೆಸರಿಟ್ಟೆ. ಬರಬರುತ್ತಾ ಅದು ನಮ್ಮಲ್ಲಿ ಒಂದು ಮಾತೇ ಆಗಿಹೋಯಿತು. ಯಾರಾದರೂ ಬಾಟಲಿ ಅದಲು ಬದಲು ಮಾಡಹೊರಟರೆ, "ಮಗಾ, ಶರಣಪ್ಪ ಮಾಡ್ಬೇಡ್ವೋ" ಎನ್ನುತ್ತಾರೆ. ಆ ಮನುಷ್ಯನನ್ನು ಕಂಡೇ ಇರದ ಹುಡುಗರು ಎನ್ನುತ್ತಾರೆ. ಅವರ ಹಿಂದೆ ನಿಂತು ನಾನೂ ನಕ್ಕಿದ್ದೇನೆ.

ಈ ವರ್ಷ ಒಂದು ಮೀಟಿಂಗಿಗೆ ಎಲೆಕ್ಟ್ರಾನಿಕ್ ಸಿಟಿಯ ಬೇರೊಂದು ಕಂಪನಿಗೆ ಹೋಗಬೇಕಾಯಿತು. ಗೇಟಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಪುಸ್ತಕ. ಸೆಕ್ಯೂರಿಟಿಯವರು ತಲೆ ತಗ್ಗಿಸಿಕೊಂಡೇ, ಯಾರನ್ನು ನೋಡಬೇಕು ಎಂದು ಕೇಳಿದರು. ಹೇಳಿದೆ. "ಇನ್ನೊಮ್ಮೆ ಹೇಳ್ರಿ," ಎಂದರು. ಮತ್ತೆ ಹೇಳಿದೆ. ಬರೆದದ್ದನ್ನು ನನಗೆ ಓದಿ ತೋರಿಸಿ, ಸರಿಯಿದೆಯೇ ಎಂದು ತಲೆ ಎತ್ತಿದರು. ಗುಂಡು ಗುಂಡು ಅಕ್ಷರ. ಮೀಸೆ ಪೂರ್ತಿ ಬೆಳ್ಳಗಾಗಿತ್ತು.

"ಅಯ್ಯ, ಮೇಡಂರೀ!" ಅವರ ಮುಖ ಅರಳಿತು, ನಿಜವಾಗಿಯೂ ಅರಳಿತು. "ಅಮ್ಮಾರು ಆರಾಮ ಅದಾರೇನ್ರಿ? ನಮ್ಮ ಟ್ಯಾಂಕ್ ಇನ್ನೂ ನಡೀತೈತೇನ್ರಿ?" ಆಮೇಲೆ ಪುಸ್ತಕ ತೋರಿಸಿ, ಸಂಕೋಚದಿಂದ ನಕ್ಕರು. "ಬ್ಯಾಸರ ಮಾಡ್ಕೋಬ್ಯಾಡ್ರಿ, ಎಲ್ಲಾರನ್ನೂ ಎರಡೆರಡು ಸಲ ಕೇಳ್ತೀನ್ರಿ. ನನ್ನ ಕಿವಿ ನಿಮಗ ಗೊತ್ತೈತಲ್ರಿ. ಡಾಕ್ಟ್ರು ಏನೂ ಆಗಿಲ್ಲ ಅಂದ್ರು, ಆದ್ರ ನನಗ ಧೈರ್ಯ ಇಲ್ರಿ. ಅದಕ್ಕ ಮಷೀನ್ ಕೆಲ್ಸಾನ ಬಿಟ್ಟೆ. ಇನ್ನೊಬ್ಬರ ಮಾಲು ಕೆಡಸೂದು ಬ್ಯಾಡ ಅಂತ."

ಅವರ ಕೆಲಸ ಕಳೆದಿದ್ದೇನೆ ಎಂದು ಮಾತ್ರ ನಾನು ತಿಳಿದಿದ್ದೆ. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಈ ಕಡೆ ಕಾರ್ಖಾನೆಗಳಿಗೇನು ಬರವೇ ಎಂದು ಸಮಾಧಾನವನ್ನೂ ಹೇಳಿಕೊಂಡಿದ್ದೆ. ನೆಟ್ಟಗಿದ್ದ ಎರಡು ಕಿವಿಗಳನ್ನು ಆ ಮನುಷ್ಯನಿಂದ ಕಸಿದುಕೊಂಡಿದ್ದೇನೆ ಎಂದು ಗೊತ್ತಿರಲಿಲ್ಲ. ಅಲ್ಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. "ಮೀಟಿಂಗಿಗೆ ಲೇಟಾಯ್ತು ಶರಣಪ್ಪ," ಎಂದು ಒಳಗೆ ನಡೆದೆ. ಅಲ್ಲಿ ಒಂದು ಗಂಟೆ ಜೀನುಗಳ ಬಗ್ಗೆ ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆನಂತೆ. ಹೊರಗೆ ಬರುವಷ್ಟರಲ್ಲಿ ಅವರ ಶಿಫ್ಟ್ ಮುಗಿದಿತ್ತು.

ಕಾರಿನಲ್ಲಿ ಕೂತಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅತ್ತು ಹಗುರಾಗುವ ಜಾತಿ ನನ್ನದಲ್ಲ. ಮಾಡಬೇಕಾದದ್ದನ್ನು ಒಂದೊಂದಾಗಿ ಮಾಡಿದೆ. ಆ ವರದಿಯಲ್ಲಿ ಬರೆದದ್ದು ಸುಳ್ಳು, ಮಾತು ನನ್ನದು, ಸಹಿಯೂ ನನ್ನದು ಎಂದು ಕ್ವಾಲಿಟಿ ಮುಖ್ಯಸ್ಥರಿಗೆ ಬರೆದು ಕೊಟ್ಟೆ. ಅವರು ಓದಿ, "ಇಷ್ಟು ವರ್ಷದ ಮೇಲೆ ಇದೆಲ್ಲಾ ಯಾಕೆ ಮೇಡಂ?" ಎಂದರು. ಫೈಲಿಗೆ ಹಾಕಿ ಸಾರ್, ನನ್ನ ಮೇಲೆ ಏನು ಕ್ರಮ ಬೇಕೋ ತೆಗೆದುಕೊಳ್ಳಿ ಎಂದೆ. ತರಬೇತಿಗೆ ಬಂದ ಹೊಸಬರ ಮುಂದೆ ಅದೇ ಸ್ಲೈಡ್ ಹಾಕಿ, ಶರಣಪ್ಪನ ಹೆಸರು ಅಳಿಸಿ, ಅಲ್ಲಿ ನನ್ನ ಹೆಸರು ಬರೆದು ಕಥೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ಇನ್ನು ಉಳಿದದ್ದು ಶರಣಪ್ಪ ಒಬ್ಬರೇ. ಆ ಕಂಪನಿಯ ಗೇಟಿಗೆ ಹೋಗಿ ಮನೆ ಎಲ್ಲಿ ಎಂದು ಕೇಳಿದಾಗ ಖುಷಿಯಿಂದ ಗುರುತು ಹೇಳಿದರು, ಊಟಕ್ಕೇ ಬನ್ನಿ ಎಂದರು. ಭಾನುವಾರ ಬೆಳಗ್ಗೆ ಹೋದೆ. ಹುಸ್ಕೂರು ರಸ್ತೆಯ ಒಂದು ವಠಾರ, ಮೆಟ್ಟಿಲ ಕೆಳಗಿನ ಮನೆ. ಒಳಗಿನಿಂದ ಹೆಂಡತಿ ನೀಲಮ್ಮ, "ಚಾ ಇಡ್ಲೇನ್ರಿ? ಚಾ! ಚಾ ಇಡ್ಲೇನ್ರಿ ಅಂದೆ!" ಎಂದು ಗಟ್ಟಿಯಾಗಿ ಎರಡೆರಡು ಸಲ ಕೂಗಿ ಕೇಳಿದರು. ಗಂಡನ ಜೊತೆ ಹನ್ನೊಂದು ವರ್ಷದಿಂದ ಅವರು ಹಾಗೆಯೇ ಮಾತಾಡುತ್ತಿದ್ದಾರೆ.

ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದೆ.

"ಶರಣಪ್ಪ, ಆವತ್ತು ನಾನು ಸಕ್ಕರೆ ಅಂತಲೇ ಹೇಳಿದ್ದು. ಹಾಲ್ಸಕ್ಕರೆ ಅಲ್ವಲ್ಲಾ ಅಂತ ನೀವು ಕೇಳಿದ್ರಿ, ನಾನೇ ಗದರಿದೆ. ನೀವು ಸರಿಯಾಗಿ ಕೇಳಿಸ್ಕೊಂಡ್ರಿ. ನಾನು ಸುಳ್ಳು ಹೇಳಿದೆ."

ಅವರು ವಿಚಾರಣೆಯ ದಿನ ನೋಡಿದ ಹಾಗೆಯೇ ನನ್ನ ಮುಖವನ್ನು ನೋಡಿದರು.

"ಇನ್ನೊಮ್ಮೆ ಹೇಳ್ರಿ," ಎಂದರು.

ಹೇಳಿದೆ. ಒಂದು ಅಕ್ಷರ ಬಿಡದೆ ಹೇಳಿದೆ. ಅವರು ಕಿವಿಯ ಹತ್ತಿರ ಕೈ ಒಯ್ದು, ಮುಟ್ಟದೆ ಹಾಗೇ ಇಳಿಸಿದರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ನಾನು ಎರಡನ್ನೂ ಕೇಳಲಿಲ್ಲ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದರು. ನೀಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು.

"ಈಗ ಆಕೀಗೆ ಹೇಳ್ರಿ, ಮೇಡಂ."

ಮೂರನೆಯ ಸಲ ಹೇಳಿದೆ.