ಕೆಂಪು ಮೋರೆಯ ಮುಸಿಯ

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ನುಗ್ಗೆಯ ಚಿಗುರು ಮುರಿದು ಬಿದ್ದಿತ್ತು. ಹಸಿ ಎಲೆಯ ಘಾಟು ಮೂಗಿಗೆ ಬಡಿದದ್ದೇ ಮುಸಿಯಗಳು, ಆ ಉದ್ದ ಬಾಲದ ಕೋತಿಗಳು, ಬಂದು ಹೋದವೆಂದು ತಿಳಿಯಿತು. ಬೈಯಬೇಕಿತ್ತು, ನಿಜ. ಆದರೆ ಮುಸಿಯಗಳನ್ನು ಬೈಯಲು ನನಗೆ ಬಾಯಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ಆಗ ನಾನು ಯಲ್ಲಾಪುರದಲ್ಲಿ ನರ್ಸ್. ಹೆರಿಗೆ ವಾರ್ಡಿನಲ್ಲಿ ಹತ್ತು ಕೂಸುಗಳನ್ನು ಸಾಲಾಗಿ ಮಲಗಿಸಿದರೂ ಯಾವುದು ಯಾರದೆಂದು ಮೋರೆ ನೋಡಿಯೇ ಹೇಳುತ್ತೇನೆಂಬ ಜಂಬ ಬೇರೆ. ಒಂದು ಚಳಿಗಾಲದ ಬೆಳಿಗ್ಗೆ ಲಸಿಕೆ ಪೆಟ್ಟಿಗೆ ಹಿಡಿದು ಹಸನ್ ಸಾಬರ ಜೀಪಿನಲ್ಲಿ ಮಾಗೋಡಿನ ಕಡೆ ಹೊರಟಿದ್ದೆ. ತವರಿಗೆ ಹೊರಟ ನೆರೆಮನೆಯ ಗಂಗಕ್ಕ ಪಕ್ಕದಲ್ಲಿದ್ದರು. ತಿರುವೊಂದರಲ್ಲಿ ಸಾಬರು ಗಕ್ಕನೆ ಬ್ರೇಕು ಹಾಕಿದರು. ರಸ್ತೆಯ ಮೇಲೆ ಅಂಗೈಯಗಲದ ಒಂದು ಮರಿ. ಮೈಯೆಲ್ಲ ಕಂದುಗಪ್ಪು ಕೂದಲು, ಮೋರೆ, ಕಿವಿ ಮಾತ್ರ ಎಳೆಗೆಂಪು.

ಎಡಗಡೆಯ ಮರದಲ್ಲಿ ಕೆಂಪು ಮೋರೆಯ ಮಂಗಗಳಿದ್ದವು. ಬಲಗಡೆ ಮುಸಿಯಗಳು: ಬೂದಿ ಬಣ್ಣದ ಮೈ, ಕರಿ ಮೋರೆ, ಮಸಿಯಲ್ಲಿ ಅದ್ದಿ ತೆಗೆದಂಥ ಕೈಕಾಲು, ಮೈಗಿಂತ ಉದ್ದದ ಬಾಲ.

"ಇದು ಯಾರ ಮರಿ, ಗಂಗಕ್ಕ?" ಎಂದೆ.

"ಮುಸಿಯಂದು ಅಲ್ಲ ತಂಗಿ. ಅದಕ್ಕೆ ಕರೀ ಮೋರೆ ಇರ್ತು. ಇದ್ರದ್ದು ಕೆಂಪಿದ್ದಲೇ, ಮಂಗಂದೇಯ."

ನನಗೂ ಹಾಗೇ ಅನ್ನಿಸಿತು. ಸೆರಗಿನಲ್ಲಿ ಎತ್ತಿ ಎಡಗಡೆಯ ಮೋರಿಕಟ್ಟೆಯ ಮೇಲಿಟ್ಟೆ. ದೊಡ್ಡ ಮಂಗವೊಂದು ಇಳಿದು ಬಂದು ಮೂಸಿತು, ಕಿವಿ ಹಿಡಿದು ಜಗ್ಗಿತು. ಮರಿ ಕಿರುಚಿದ್ದೇ ತಡ, ಬಲಗಡೆಯಿಂದ ಒಂದು ಮುಸಿಯ ಧುಮುಕಿತು. ಮಂಗ ಓಡಿತು. ಈ ಮುಸಿಯ ಮರಿಯನ್ನು ಕೊಂದೇಬಿಡುತ್ತದೆಂದು ನಾನು ಕಲ್ಲೆತ್ತಿದೆ.

ಸಾಬರು ನನ್ನ ಕೈ ಹಿಡಿದರು. "ಹೊಡೀಬ್ಯಾಡ್ರಿ ಸಿಸ್ಟರ್! ಅದು ಎತ್ಕೊಳ್ಳೋದು ನೋಡ್ರಿ."

ಆ ಕರಿ ಕೈ ಮರಿಯ ಕತ್ತಿನ ಕೆಳಗೆ ಮೆಲ್ಲಗೆ ಹೋಗಿ, ಎದೆಗೆ ಅವುಚಿಕೊಂಡಿತು. ಕಲ್ಲು ನನ್ನ ಕೈಯಿಂದ ಜಾರಿತು.

ಅದು ಮರಿಯೊಂದಿಗೆ ಮರ ಹತ್ತಿತು. ಸದ್ಯ, ತಾಯಿ ಸಿಕ್ಕಿತು ಎಂದುಕೊಳ್ಳುವಷ್ಟರಲ್ಲಿ ಕೊಂಬೆಯ ಮೇಲೆ ಇನ್ನೊಂದು ಹೆಣ್ಣು ಮುಸಿಯ ಮರಿಯನ್ನು ಕಿತ್ತುಕೊಂಡಿತು. ಅದರ ಕೈಯಿಂದ ಮತ್ತೊಂದು. ಮೂರೂ ನೆಕ್ಕಿದವು, ಮೂರೂ ತಬ್ಬಿಕೊಂಡವು. ಮೂರರ ಮೋರೆಯೂ ನನಗೆ ಒಂದೇ ಅಚ್ಚು.

"ಹೆತ್ತದ್ದು ಯಾವುದು?" ಎಂದೆ.

"ಯಾವ್ದಾದ್ರೂ ಆಗ್ಲಿ, ಹಿಡ್ಕೊಂಡಾವಲ್ಲ! ಹತ್ರಿ, ಹೊತ್ತಾಗ್ತೈತಿ," ಎಂದರು ಸಾಬರು.

ಮಳೆಗಾಲಕ್ಕೆ ಮೊದಲು ಅದೇ ತಿರುವಿನಲ್ಲಿ ಜೀಪು ನಿಲ್ಲಿಸಿ ಹುಡುಕಿದೆ. ಮರಿಗಳೆಲ್ಲ ಬೂದಿ ಮೈ, ಕರಿ ಮೋರೆ. ನನ್ನ ಕೆಂಪು ಮೋರೆಯ ಮರಿ ಸತ್ತೇಹೋಯಿತೆಂದು ಅಳು ಬಂತು.

"ಬೆಳೀತಾ ಬೆಳೀತಾ ಕರಿ ಆಗ್ತಾವ್ರಿ," ಎಂದು ನಕ್ಕರು ಸಾಬರು. "ಅದ್ರಾಗ ಒಂದು ಇರ್ತೈತಿ ಬಿಡ್ರಿ."

ಇದ್ದಿರಬಹುದು. ಯಾವುದೆಂದು ಇವತ್ತಿಗೂ ಗೊತ್ತಿಲ್ಲ.

ಇವತ್ತು ಮಧ್ಯಾಹ್ನ ಪಕ್ಕದ ಮನೆಯಲ್ಲಿ ನಾಮಕರಣ. ನಾನು ಹೋದದ್ದೇ ನನ್ನ ತೊಡೆಯ ಮೇಲೆ ಕೂಸನ್ನು ಮಲಗಿಸಿ ಅಜ್ಜಿ ಕೇಳಿದರು, "ನೀವೇ ಹೇಳಿ, ಯಾರ ಹಾಂಗಿದ್ದು?" ಎಲ್ಲರೂ ನನ್ನ ಬಾಯಿ ನೋಡುತ್ತ ಕುಳಿತರು.

"ನಂಗೆ ಗೊತ್ತಾಗ್ತಿಲ್ಲ," ಎಂದೆ. ಕೂಸು ನನ್ನ ಬೆರಳು ಹಿಡಿದು ನಿದ್ದೆ ಹೋಗಿತ್ತು. ಊಟಕ್ಕೆ ಕರೆದರೂ ಯಾರ ಕೈಗೂ ಕೊಡಲು ಮನಸ್ಸಾಗಲಿಲ್ಲ.