ಜೂನ್ ಒಂದರೊಳಗೆ

ತುಮಕೂರಿನ ಉಪ್ಪಾರಹಳ್ಳಿಯ ಆ ಸ್ಕೂಲಿನಲ್ಲಿ ನೇತ್ರಾವತಿ ಮಿಸ್ ಅಂದರೆ ಮಕ್ಕಳಿಗೆ ಪ್ರಾಣ, ತಾಯಂದಿರಿಗೆ ಸ್ವಲ್ಪ ಭಯ. ಅವಳು ಹೊಡೆಯುವವಳಲ್ಲ, ಬೈಯುವವಳೂ ಅಲ್ಲ. ಎಲ್‌ಕೆಜಿ ಮಕ್ಕಳ ಮೂಗು ಒರೆಸಿ, ಟಿಫನ್ ಡಬ್ಬಿ ಬಿಚ್ಚಿಕೊಟ್ಟು, ಅಆಇಈ ತಿದ್ದಿಸುವುದರಲ್ಲೇ ವರ್ಷಗಳು ಕಳೆದಿದ್ದವು. ಆದರೆ ಅಡ್ಮಿಷನ್ ಶುರುವಾಯಿತೆಂದರೆ ಹೆಡ್ ಮೇಡಂ ಅವಳನ್ನೇ ಬಾಗಿಲ ಹತ್ತಿರ ಟೇಬಲ್ ಹಾಕಿ ಕೂರಿಸುತ್ತಿದ್ದರು. ಇಲ್ಲ ಅನ್ನುವ ಮಾತನ್ನು ಅವಳಷ್ಟು ಮೆತ್ತಗೆ ಹೇಳುವವರು ಆ ಸ್ಕೂಲಿನಲ್ಲಿ ಬೇರೆ ಯಾರೂ ಇರಲಿಲ್ಲ.

ಜೂನ್ ಒಂದಕ್ಕೆ ನಾಲ್ಕು ವರ್ಷ ತುಂಬಿದ್ದರೆ ಎಲ್‌ಕೆಜಿ, ತುಂಬದಿದ್ದರೆ ಇಲ್ಲ. ನಿಯಮ ಅಷ್ಟೇ. ಎರಡು ದಿನ ಕಡಿಮೆಯಿದ್ದರೂ ಇಲ್ಲವೇ. ಅಪ್ಪಂದಿರು ರೇಗುತ್ತಿದ್ದರು, ಅಮ್ಮಂದಿರು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದರು, ಅಜ್ಜಂದಿರು ತಮಗೆ ಗೊತ್ತಿರುವ ಎಮ್ಮೆಲ್ಲೆಗಳ ಹೆಸರು ಹೇಳುತ್ತಿದ್ದರು. ನೇತ್ರಾವತಿ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು. "ನಂದೇನಿಲ್ಲ ಸಾರ್. ಕಂಪ್ಯೂಟರ್ ತಗೊಳ್ಳಲ್ಲ."

ಕಳೆದ ವರ್ಷ ಅದೇ ಮಾತನ್ನು ಅವಳು ತನಗೇ ಹೇಳಿಕೊಳ್ಳಬೇಕಾಯಿತು. ಮಗಳು ತನುಶ್ರೀ ಹುಟ್ಟಿದ್ದು ಜೂನ್ ನಾಲ್ಕಕ್ಕೆ. ಅಮ್ಮ ಅದೇ ಸ್ಕೂಲಿನ ಟೀಚರ್ ಆದರೇನಂತೆ, ಕಂಪ್ಯೂಟರಿಗೆ ಅಮ್ಮನ ಪರಿಚಯವಿರುತ್ತದೆಯೇ? ತನು ನರ್ಸರಿಯಲ್ಲೇ ಉಳಿದಳು. ಜೊತೆಯಲ್ಲಿ ಆಡಿ ಬೆಳೆದ ಮಕ್ಕಳೆಲ್ಲ ಹೊಸ ಬ್ಯಾಗ್ ಹಾಕಿಕೊಂಡು ಎಲ್‌ಕೆಜಿಗೆ ಮಹಡಿ ಹತ್ತಿದರು. ಅವರಲ್ಲೊಬ್ಬ ತಿರುಗಿ ನಿಂತು "ತನು ಫೇಲು" ಅಂದ. ಪಾಪ, ಅವನಿಗೇನು ಗೊತ್ತು, ಮನೆಯಲ್ಲಿ ಯಾರೋ ಅಂದದ್ದು ಕಿವಿಗೆ ಬಿದ್ದಿರಬೇಕು. ಅವತ್ತಿನಿಂದ ಊಟದ ಬೆಲ್ ಹೊಡೆದರೆ ಈ ಹುಡುಗಿ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ಕೂರುತ್ತಿತ್ತು, ಮೇಲಿನವರು ಇಳಿದು ಬರಲಿ ಅಂತ. ಅವರು ಇಳಿದು ಬಂದು, ಇವಳನ್ನು ದಾಟಿಕೊಂಡು ಓಡಿಹೋಗುತ್ತಿದ್ದರು. ಕ್ಲಾಸಿನ ಕಿಟಕಿಯಿಂದ ಅದನ್ನು ನೋಡಿದ ನೇತ್ರಾವತಿಗೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ಆ ಬೆಂಕಿ ಮೊದಲು ತಿರುಗಿದ್ದು ಅತ್ತೆ ಕೊಲ್ಲಾಪುರಮ್ಮನ ಕಡೆಗೆ. ಮದುವೆಯಾದ ವರ್ಷ ಆಷಾಢದಲ್ಲಿ ಸೊಸೆ ಅತ್ತೆಯ ಮನೆಯಲ್ಲಿರಬಾರದು ಅಂತ ಆಕೆ ನೇತ್ರಾವತಿಯನ್ನು ನಿಟ್ಟೂರಿನಿಂದ ಕುಣಿಗಲ್ಲಿನ ತೌರಿಗೆ ಕಳಿಸಿದ್ದರು. ಆಷಾಢ ಮುಗಿದರೆ ಶ್ರಾವಣದ ಮಂಗಳಗೌರಿ ಪೂಜೆ, ಅದಾದರೆ ಮೊದಲ ಗೌರಿ ಹಬ್ಬ ತೌರಲ್ಲೇ ಆಗಲಿ ಅಂದರು. ಗಂಡ ಶಿವರಾಜ್ ಹೋಗಿ ಕರೆದುಕೊಂಡು ಬರುವ ಹೊತ್ತಿಗೆ ಗಣೇಶನನ್ನು ಕೆರೆಗೆ ಬಿಟ್ಟು ಎಷ್ಟೋ ದಿನವಾಗಿತ್ತು. ಆಮೇಲೆ ನಿಂತ ಬಸಿರು ಜೂನಿಗೆ ಬಾರದೆ ಇನ್ನೇನು ಮಾಡೀತು?

"ಆಷಾಢದಾಗ್ ನಿಂತ್ರೆ ಚೈತ್ರದ ಬಿಸಿಲಿಗೆ ಹೆರಿಗೆ ಆಗ್ತದೆ, ತಾಯಿ ಮಗು ಬೇಯ್ತವೆ ಅಂತ ಹಿರೀಕ್ರು ಮಾಡಿದ್ದು ಕಣವ್ವ," ಅಂದರು ಕೊಲ್ಲಾಪುರಮ್ಮ, ತಪ್ಪಿತಸ್ಥರ ದನಿಯಲ್ಲಿ.

"ಈಗ ಬಿಸಿಲಿಗೆ ಫ್ಯಾನ್ ಇದೆ ಅತ್ತೆ. ತನುಗೆ ಹೋದ ಒಂದು ವರ್ಷಕ್ಕೆ ಏನಿದೆ?" ಅಂದಳು ನೇತ್ರಾವತಿ.

ಅಲ್ಲಿಗೆ ತೀರ್ಮಾನವಾಯಿತು. ಎರಡನೆಯದು ಬೇಸಿಗೆಯಲ್ಲೇ ಹುಟ್ಟಬೇಕು, ಜೂನ್ ಒಂದರೊಳಗೆ. ಅಂದರೆ ಮುಂಗಾರಿನಲ್ಲೇ ನಿಲ್ಲಬೇಕು. ಶಿರಾ ಗೇಟ್ ಹತ್ತಿರ ಬೈಕಿನ ಬಿಡಿಭಾಗದ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುವ ಶಿವರಾಜ್ ಸುಸ್ತಾಗಿ ಮನೆಗೆ ಬಂದರೆ, ಹೆಂಡತಿ ಊಟಕ್ಕಿಂತ ಮೊದಲು ತಾರೀಕು ಹೇಳುತ್ತಿದ್ದಳು.

"ಏನೇ ಇದು, ರಾಗಿ ಬಿತ್ನೆಗೆ ಹದ ನೋಡ್ದಂಗ್ ನೋಡ್ತೀಯ," ಅಂತ ಅವನು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ಜುಲೈ ಹೋಯಿತು. ಆಗಸ್ಟ್ ಕೊನೆಗೆ ಗೌರಿ ಹಬ್ಬ ಬಂತು, ಅವತ್ತೇ ಹೊರಗಾದಳು. ಇರಲಿ, ಮೊದಲನೆಯದು ಸಿಸೇರಿಯನ್, ಎರಡನೆಯದೂ ಅದೇ. ಈ ಸಲ ನಿಂತರೆ ಡಾಕ್ಟರು ಮೇ ಕೊನೆಗೆ ಡೇಟ್ ಕೊಟ್ಟೇ ಕೊಡುತ್ತಾರೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಮಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಲು ನಿಟ್ಟೂರಿಗೆ ಹೋದಾಗ ಅದೂ ಕೈಕೊಟ್ಟಿತು. ಅತ್ತೆ ಒಬ್ಬರೇ ಒಲೆ ಮುಂದೆ ಬೆವೆತು ವಡೆ ಪಾಯಸ ಮಾಡುತ್ತಿದ್ದರು. ನೇತ್ರಾವತಿ ಹೊರಗಿನ ಕೋಣೆಯಲ್ಲಿ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದಳು. ಇನ್ನು ಮುಂದಿನ ವರ್ಷವೇ, ಅಲ್ಲಿಯವರೆಗೂ ಹುಷಾರಾಗಿರಬೇಕು ಅಂತ ಶಿವರಾಜನಿಗೆ ಹೇಳಿದಳು. ಆಯ್ತು ಬುಡು ಅಂದ. ಅಷ್ಟು ಹೇಳಿಯೂ ಒಂದು ಸಲ ಇಬ್ಬರೂ ಹುಷಾರು ತಪ್ಪಿದರು. ಗಂಡ ಹೆಂಡತಿ ಅಂದಮೇಲೆ ಅದೇನು ಅಪರಾಧವೇ?

ದೀಪಾವಳಿ ಕಳೆದ ಮೇಲೆ ಟೆಸ್ಟ್ ಮಾಡಿದರೆ ಎರಡು ಗೆರೆ. ಶಿವರಾಜ್ ತನುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾಲ್ ತುಂಬ ಕುಣಿದ. ನೇತ್ರಾವತಿ ಬಚ್ಚಲ ಬಾಗಿಲಲ್ಲಿ ನಿಂತು ಬೆರಳು ಮಡಚುತ್ತಿದ್ದಳು. ಎಷ್ಟು ಸಲ ಮಡಚಿದರೂ ಬರುತ್ತಿದ್ದದ್ದು ಜೂನ್ ಕೊನೆ. ಮತ್ತೊಂದು ಮಗು ಮೆಟ್ಟಿಲ ಬುಡದಲ್ಲಿ ಡಬ್ಬಿ ಹಿಡಿದು ಕೂತದ್ದು ಅವಳ ಕಣ್ಣಿಗೆ ಕಟ್ಟಿತು. ಖುಷಿ ಪಡಬೇಕಾದ ಗಳಿಗೆಯಲ್ಲಿ ಅವಳಿಗೆ ಅಳು ಬಂತು.

ಮೊದಲ ತಿಂಗಳುಗಳಲ್ಲಿ ತೌರಿನ ನೆಪ ಮಾಡಿಕೊಂಡು ಕುಣಿಗಲ್ಲಿಗೆ ಹೋಗಿ ತೋರಿಸಿಕೊಂಡಳು. ಅಲ್ಲಿನ ಸಣ್ಣ ಕ್ಲಿನಿಕ್ಕಿನಲ್ಲಿ ಕೊನೆಯ ಮುಟ್ಟಿನ ದಿನ ಕೇಳಿದರು. ಮಾಲಯ ಅಮಾವಾಸ್ಯೆ ಅನ್ನಬೇಕಾದವಳು ಗೌರಿ ಹಬ್ಬ ಅಂದಳು. ಪೂರ್ತಿ ಸುಳ್ಳಲ್ಲವಲ್ಲ, ಅವತ್ತೂ ಆಗಿತ್ತಲ್ಲ ಅಂತ ಅವಳ ಮನಸ್ಸು ಅವಳಿಗೇ ವಕೀಲಿ ಮಾಡಿತು. ಸ್ಕ್ಯಾನಿಂಗ್ ಮಾಡಿಸಿ ಅಂದರೆ ಇವತ್ತು ನಾಳೆ ಅಂತ ದೂಡಿದಳು. ಎಳೆ ತಿಂಗಳ ಸ್ಕ್ಯಾನಿಂಗು ದಿನವನ್ನು ಸರಿಯಾಗಿ ಹಿಡಿದುಬಿಡುತ್ತದೆ ಅನ್ನುವುದು ಅವಳಿಗೆ ಸ್ಟಾಫ್ ರೂಮಿನ ಮಾತುಗಳಿಂದ ಗೊತ್ತಿತ್ತು. ಎಂಟು ತಿಂಗಳಿಗೇ ಹುಟ್ಟಿ ಈಗ ಕ್ಲಾಸಿಗೆ ಫಸ್ಟ್ ಬರುವ ಮಕ್ಕಳ ಕಥೆಯನ್ನೂ ಅಲ್ಲೇ ಕೇಳಿದ್ದಳು. ಕೇಳಿದ್ದರಲ್ಲಿ ತನಗೆ ಬೇಕಾದಷ್ಟನ್ನೇ ಇಟ್ಟುಕೊಂಡಳು.

ಲೆಕ್ಕ ಕೇಳಿದವರು ಕೊಲ್ಲಾಪುರಮ್ಮ ಒಬ್ಬರೇ. ಸಂಕ್ರಾಂತಿಗೆ ಎಳ್ಳು ಬೆಲ್ಲ ತಂದಾಗ ಸೊಸೆಯ ಹೊಟ್ಟೆ ನೋಡಿ ಹುಬ್ಬು ಗಂಟು ಹಾಕಿದರು.

"ಮಾಲ್ಯ ಅಮಾಸೆ ದಿಸ ನೀನ್ ಹೊರ್ಗಿದ್ದೆ ಅಲ್ವೇನವ್ವ? ಹಂಗಾರೆ ಕಾರುಣ್ಣಿಮೆ ಹೊತ್ಗಲ್ವಾ ಆಗೋದು? ಶಿವ್ರಾಜ ಮೇ ತಿಂಗ್ಳು ಅಂತವ್ನೆ."

"ಅವತ್ತು ಆಗಿದ್ದು ಅದಲ್ಲ ಅತ್ತೆ. ಬಸುರಿದ್ರೂ ಒಬ್ಬೊಬ್ರಿಗೆ ಸ್ವಲ್ಪ ಕಾಣಿಸ್ಕೊಳ್ಳುತ್ತಂತೆ. ಡಾಕ್ಟ್ರೇ ಹೇಳಿದ್ರು. ಇವ್ರಿಗೂ ಹೇಳಿದೀನಿ."

ಡಾಕ್ಟರ್ ಹೆಸರು ಬಂದಮೇಲೆ ಆಕೆ ಮತ್ತೆ ಲೆಕ್ಕ ಹಾಕಲಿಲ್ಲ. "ಏನೋಪ್ಪ, ನಮ್ಗೇನ್ ಗೊತ್ತು," ಅಂತ ಸೆರಗಿನಿಂದ ಮುಖ ಒರೆಸಿಕೊಂಡು ತೆಂಗಿನಕಾಯಿ ತುರಿಯಲು ಹೋದರು. ನೇತ್ರಾವತಿ ಎಳ್ಳು ಬೆಲ್ಲವನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು. ಸುಳ್ಳು ಒಂದಕ್ಕೆ ಮುಗಿಯಲಿಲ್ಲ, ಎರಡಾಯಿತು.

ಏಳನೆಯ ತಿಂಗಳೆಂದು ಹೇಳಿಕೊಂಡು ತುಮಕೂರಿನ ನರ್ಸಿಂಗ್ ಹೋಮಿಗೆ ಬಂದಳು. ಅಲ್ಲಿ ಡಾಕ್ಟರ್ ಸುಶ್ಮಿತಾ ಸ್ಕ್ಯಾನಿಂಗ್ ನೋಡಿ ಕನ್ನಡಕ ತೆಗೆದರು. ಮಗು ದಿನಕ್ಕೆ ತಕ್ಕಷ್ಟು ಬೆಳೆದಿಲ್ಲ, ಮೂರು ವಾರದಷ್ಟು ಹಿಂದಿದೆ ಅಂದರು. ಈ ತಿಂಗಳಲ್ಲಿ ಬರೀ ಸ್ಕ್ಯಾನಿಂಗ್ ನೋಡಿ ದಿನ ಹೇಳಲಾಗುವುದಿಲ್ಲ, ನೀವು ಹೇಳಿದ ಡೇಟೇ ನಮಗೆ ಆಧಾರ ಅಂದರು. "ಡೇಟ್ ಪಕ್ಕಾನಾ ನೇತ್ರಾವತಿ?"

"ಪಕ್ಕಾ ಮೇಡಂ. ಗೌರಿ ಹಬ್ಬದ ದಿನ ಯಾರಾದ್ರೂ ಮರೀತಾರಾ."

ಆಗ ಶುರುವಾಯಿತು ನೋಡಿ ವಿಚಿತ್ರ. ಹೊಟ್ಟೆಯೊಳಗಿನ ಕೂಸು ತನ್ನ ಪಾಡಿಗೆ ತಾನು ಸರಿಯಾಗಿಯೇ ಬೆಳೆಯುತ್ತಿತ್ತು. ಹೊರಗೆ ಮಾತ್ರ ಎಲ್ಲರೂ ಅದಕ್ಕೆ ಕಾಯಿಲೆ ಹಚ್ಚಿದರು. ಪ್ರೋಟೀನ್ ಪುಡಿ ಬಂತು, ಮಾತ್ರೆ ಬಂತು, ವಾರ ಬಿಟ್ಟು ವಾರ ಸ್ಕ್ಯಾನಿಂಗ್ ಬಂತು. ಶಿವರಾಜ್ ಅಂಗಡಿಯಿಂದ ಬರುವಾಗ ದಾಳಿಂಬೆ ತರುತ್ತಿದ್ದ, ಹೆಂಡತಿ ತಿಂದು ಮುಗಿಸುವವರೆಗೂ ಎದುರಿಗೆ ಕೂತಿರುತ್ತಿದ್ದ. ಕೊಲ್ಲಾಪುರಮ್ಮ ಗುಬ್ಬಿಯಪ್ಪನಿಗೆ ಹರಕೆ ಕಟ್ಟಿಕೊಂಡರು. ಇಷ್ಟು ಜನ ಹೆದರಿದ್ದಕ್ಕೆ ಕಾರಣ ತಾನೊಬ್ಬಳು ಅಂತ ಗೊತ್ತಿದ್ದ ನೇತ್ರಾವತಿಗೆ ಬರಬರುತ್ತಾ ತಾನೂ ಹೆದರುವುದು ಅಭ್ಯಾಸವಾಯಿತು. ಮಗು ಒದೆಯದಿದ್ದರೆ ಮಧ್ಯಾಹ್ನ ಪಾಠದ ನಡುವೆಯೇ ಹೊಟ್ಟೆ ಹಿಡಿದುಕೊಂಡು ನಿಂತುಬಿಡುತ್ತಿದ್ದಳು. ಹೇಳಿಬಿಡಲೇ ಅಂತ ಎಷ್ಟೋ ಸಲ ಬಾಯಿಗೆ ಬಂತು. ಹೇಳಿದರೆ ಜೂನ್ ಕೊನೆ. ಹೇಳದಿದ್ದರೆ ಮೇ. ಅಷ್ಟೇ ವ್ಯತ್ಯಾಸ ಅಂದುಕೊಂಡಳು.

ಮೇ ತಿಂಗಳ ಮೂರನೆಯ ವಾರ ಡಾಕ್ಟರೇ ಅವಳ ಕೆಲಸ ಸುಲಭ ಮಾಡಿದರು. ದಿನ ತುಂಬುತ್ತಾ ಬಂದಿದೆ, ಮಗು ಬೆಳೆಯುತ್ತಿಲ್ಲ, ಒಳಗೆ ಇಟ್ಟುಕೊಳ್ಳುವುದು ಅಪಾಯ, ಮುಂದಿನ ವಾರ ತೆಗೆದುಬಿಡೋಣ ಅಂದರು. ಅವಳಾಗಿ ಏನನ್ನೂ ಕೇಳಲಿಲ್ಲ. ಅವಳ ಸುಳ್ಳೇ ಅವಳ ಪರವಾಗಿ ಮಾತಾಡುತ್ತಿತ್ತು. ಅಧಿಕಮಾಸ ನಡೀತಿದೆ, ಸ್ವಲ್ಪ ತಡೀಬಾರದಾ ಅಂತ ಕೊಲ್ಲಾಪುರಮ್ಮ ಗೊಣಗಿದರು. "ಮಗು ಮುಖ್ಯಾನಾ ಮಾಸ ಮುಖ್ಯಾನಾ, ಸುಮ್ಕಿರವ್ವ," ಅಂದ ಶಿವರಾಜ್. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಆಪರೇಷನ್ ದಿನ ಬೆಳಿಗ್ಗೆ ಹಸಿರು ಬಟ್ಟೆ ತೊಡಿಸಿ ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಸುಶ್ಮಿತಾ ಬಂದು ತಲೆ ಸವರಿದರು.

"ಕೊನೇ ಸಲ ಕೇಳ್ತೀನಿ. ಡೇಟ್‌ನಲ್ಲಿ ಸ್ವಲ್ಪ ಆದ್ರೂ ಡೌಟ್ ಇದ್ರೆ ಈಗ್ಲೇ ಹೇಳಿ. ಕಾಯ್ತಾ ನೋಡೋಣ. ಇಲ್ಲಾಂದ್ರೆ ಶ್ವಾಸಕೋಶಕ್ಕೆ ಇಂಜೆಕ್ಷನ್ ಕೊಟ್ಟು ಎರಡ್ ದಿನ ಬಿಟ್ಟು ಮಾಡೋಣ. ಏನೂ ತೊಂದ್ರೆ ಇಲ್ಲ."

ಎರಡು ದಿನ ಬಿಟ್ಟಿದ್ದರೂ ಮೇ ತಿಂಗಳೇ ಆಗಿರುತ್ತಿತ್ತು. ಆದರೆ ಒಂದು ಸಲ ಬಾಯಿ ಬಿಟ್ಟರೆ ಇವರು ಎರಡು ದಿನಕ್ಕೆ ನಿಲ್ಲಿಸುವುದಿಲ್ಲ, ಬೈದು ಮನೆಗೆ ಕಳಿಸುತ್ತಾರೆ, ಗಂಡನಿಗೆ ಗೊತ್ತಾಗುತ್ತದೆ, ಅತ್ತೆಗೆ ಗೊತ್ತಾಗುತ್ತದೆ ಅಂತ ಅವಳು ಲೆಕ್ಕ ಹಾಕಿದಳು. ಬಾಗಿಲ ಸಂದಿಯಲ್ಲಿ ಶಿವರಾಜ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ.

"ಡೌಟ್ ಇಲ್ಲ ಮೇಡಂ," ಅಂದಳು.

ಗಂಡು ಮಗು. ಅತ್ತಿತು ಕೂಡ. ಆದರೆ ಅಳು ನಿಂತಮೇಲೆ ಪ್ರತಿ ಉಸಿರಿಗೂ ನರಳುವ ಸದ್ದು ಬರತೊಡಗಿತು. ಎದೆಯ ಗೂಡು ಒಳಕ್ಕೆ ಸೆಳೆಯುತ್ತಿತ್ತು. ನರ್ಸ್ ಮುಖ ತೋರಿಸಿದಂತೆ ಮಾಡಿ ಎತ್ತಿಕೊಂಡು ಓಡಿದಳು. ಮಗುವನ್ನು ಬೇರೆ ದೊಡ್ಡ ಆಸ್ಪತ್ರೆಗೆ ಸಾಗಿಸಿ ಮೆಷಿನ್ ಉಸಿರಿಗೆ ಹಾಕಿದರು. ಮರುದಿನ ಶ್ವಾಸಕೋಶದಲ್ಲಿ ತೂತಾಗಿ ಗಾಳಿ ಸೋರಿತು. ಅದರ ಮರುದಿನ ಫಿಟ್ಸ್ ಬಂತು.

ಹೊಲಿಗೆಯ ನೋವಿನಲ್ಲೇ ನೇತ್ರಾವತಿ ವೀಲ್‌ಚೇರಿನಲ್ಲಿ ಅಲ್ಲಿಗೆ ಹೋದಳು. ಮಕ್ಕಳ ಡಾಕ್ಟರ್ ಬಸವಪ್ರಭು ವಯಸ್ಸಾದವರು, ಮಾತು ಕಡಿಮೆ. ಶಿವರಾಜನ ಎದುರಿಗೇ ಕೇಳಿದರು.

"ಅಂಗಾಲಲ್ಲಿ ಗೆರೆ ಸರಿಯಾಗಿ ಮೂಡಿಲ್ಲ, ಕಿವಿ ಇನ್ನೂ ಮೆತ್ತಗಿದೆ. ಇದು ದಿನ ತುಂಬಿ ಸಣ್ಣಗಿರೋ ಮಗು ಅಲ್ಲಮ್ಮ. ದಿನಕ್ಕೆ ಮುಂಚೆ ಬಂದಿರೋ ಮಗು. ನಿಜವಾದ ಡೇಟ್ ಯಾವ್ದು? ಔಷಧಿ ಅದನ್ನ ನೋಡ್ಕೊಂಡೇ ಕೊಡ್ಬೇಕು."

ಅವಳು ಹೇಳಿದಳು. ಮಾಲಯ ಅಮಾವಾಸ್ಯೆ ಅಂದಳು. ಯಾಕೆ ಮುಚ್ಚಿಟ್ಟಳು ಅನ್ನುವುದನ್ನೂ ಕೇಳದೆಯೇ ಹೇಳಿದಳು. ಜೂನ್ ಒಂದು, ಎಲ್‌ಕೆಜಿ, ಕಂಪ್ಯೂಟರ್, ಎಲ್ಲ. ಆ ಬಿಳಿ ಗೋಡೆಗಳ ನಡುವೆ ಆ ಮಾತುಗಳು ಎಷ್ಟು ಸಣ್ಣವಾಗಿ ಕೇಳಿದವೆಂದರೆ, ಹೇಳುತ್ತಿದ್ದ ಅವಳಿಗೇ ನಾಚಿಕೆಯಾಯಿತು. ಡಾಕ್ಟರು ಬರೆದುಕೊಂಡು ಒಳಗೆ ಹೋದರು.

"ನಂಗಾದ್ರೂ ಹೇಳ್ಬಾರ್ದಿತ್ತಾ," ಅಂದ ಶಿವರಾಜ್. ಆಮೇಲೆ ಅವನು ಅವಳ ಹತ್ತಿರ ಮಾತಾಡುವುದನ್ನೇ ಬಿಟ್ಟ. ಊಟ ತಂದರೆ ಅವ್ವನ ಕೈಲಿ ಕೊಡುತ್ತಿದ್ದ, ಔಷಧಿ ತಂದರೂ ಅವ್ವನ ಕೈಗೇ. ಕೊಲ್ಲಾಪುರಮ್ಮ ಮಾತ್ರ ಏನೂ ಕೇಳದೆ ಸೊಸೆಯ ತಲೆ ಬಾಚುತ್ತಿದ್ದರು. ಆಕೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು ನೇತ್ರಾವತಿಗೆ.

ಮಗು ಬದುಕಿತು. ಮೂಗಿನ ನಳಿಕೆಯಲ್ಲಿ ಹಾಲು ಕುಡಿಯುತ್ತಾ ಜೂನ್ ಪೂರ್ತಿ ಆಸ್ಪತ್ರೆಯಲ್ಲೇ ಕಳೆದು, ಕಾರ ಹುಣ್ಣಿಮೆ ಆದಮೇಲೆ ಮನೆಗೆ ಕಳಿಸಿದರು. ಹೊರಡುವ ದಿನ ಬಸವಪ್ರಭು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮೂರು ತಿಂಗಳಿಗೊಮ್ಮೆ ಕರೆತರಬೇಕು ಅಂದರು. ತಲೆ ನಿಲ್ಲುವುದು, ಮಗುಚಿಕೊಳ್ಳುವುದು, ಕೂರುವುದು, ಒಂದೊಂದನ್ನೂ ನೋಡುತ್ತಾ ಹೋಗಬೇಕು. ಆಮ್ಲಜನಕ ಕಡಿಮೆಯಾಗಿ ಮಿದುಳಿಗೆ ಎಷ್ಟು ಪೆಟ್ಟಾಗಿದೆಯೋ ಈಗ ಹೇಳಲಾಗದು.

"ಇನ್ನೊಂದ್ ವಿಷಯ. ಇವನ ವಯಸ್ಸನ್ನ ಹುಟ್ಟಿದ್ ದಿನದಿಂದ ಲೆಕ್ಕ ಹಾಕ್ಬೇಡಿ. ಹುಟ್ಬೇಕಾಗಿದ್ ದಿನ ಇತ್ತಲ್ಲ, ಜೂನ್ ಕೊನೆ, ಅಲ್ಲಿಂದ ಹಾಕಿ."

ಶಿವರಾಜ್ ಮಗುವಿನ ಕಾಲಿಗೆ ಬಟ್ಟೆ ಸರಿ ಮಾಡುತ್ತಾ, ತಲೆ ಎತ್ತದೆ ಕೇಳಿದ. "ಸ್ಕೂಲಿಗೆ ಹೋಗ್ತಾನಾ ಸಾರ್?"

ಡಾಕ್ಟರು ಔಷಧಿ ಚೀಟಿ ಮಡಚಿ ಅವನ ಕೈಗೆ ಕೊಟ್ಟರು. "ಮೊದ್ಲು ಬಾಯಲ್ಲಿ ಹಾಲು ಕುಡೀಲಿ," ಅಂದರು.

ನೇತ್ರಾವತಿ ಮಗುವನ್ನು ಎತ್ತಿಕೊಂಡಳು. ಅದರ ಕತ್ತು ಅವಳ ತೋಳಿನ ಮೇಲೆ ಹಿಂದಕ್ಕೆ ವಾಲಿತು. ಅವಳು ಅಂಗೈಯನ್ನು ತಲೆಯ ಕೆಳಗೆ ಕೊಟ್ಟು ಹಿಡಿದು ಕೂತಳು, ಮುಂದೆ ಎಷ್ಟು ವರ್ಷ ಹಾಗೆಯೇ ಹಿಡಿದಿರಬೇಕು ಅಂತ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.